ಧ್ರುವನ ಕೆಳಗೆ ಸೇವಂತಿಗೆ

ನಮ್ಮ ಕಡೆ ಧ್ರುವ ನಕ್ಷತ್ರ ಬಹಳ ಕೆಳಗೆ. ಕೈ ನೀಟಾಗಿ ಚಾಚಿ, ಮುಷ್ಟಿ ಹಿಡಿದು ದಿಗಂತದ ಮೇಲಿಟ್ಟರೆ ಆ ಮುಷ್ಟಿಗಿಂತ ತುಸು ಮೇಲೆ ಇರುತ್ತದೆ, ಅಷ್ಟೇ. ಇಂಟರ್‌ನೆಟ್ಟಿನಲ್ಲಿ ನಕ್ಷತ್ರ ಪಥದ ಫೋಟೋ ಹುಡುಕಿ ನೋಡಿ: ಆಕಾಶದ ನಟ್ಟನಡುವೆ ಧ್ರುವ, ಅದರ ಸುತ್ತ ಉಂಗುರದ ಮೇಲೆ ಉಂಗುರ. ಅವೆಲ್ಲ ಚಳಿ ದೇಶದವರು ತೆಗೆದವು. ರಾಯಕೋಟೆ ಕಡೆಯ ಹೊಲದಲ್ಲಿ ನಿಂತವನಿಗೆ ಆ ಭಾಗ್ಯ ಇಲ್ಲ. ಎದುರಿಗೆ ಒಂದು ಹುಣಸೆಮರ ಬಂದರೆ ಧ್ರುವ ಮಾಯ. ಒಂದು ಬೀದಿದೀಪ ಬಂದರೂ ಮಾಯ.

ಹೀಗಿದ್ದೂ ನನಗೆ ಅದೇ ಬೇಕಿತ್ತು. ಕೆಳಗಿರುವ ನಮ್ಮ ಧ್ರುವನೇ. ಯಾಕೆಂದರೆ ನಮ್ಮ ಅಕ್ಕನ ಹೊಲದ ಬಡಗಣ ಅಂಚಿಗೆ ಮನೆಯೆತ್ತರದ ಒಂದು ಹೆಬ್ಬಂಡೆ ಇದೆ, ಅದರ ನೆತ್ತಿಯಲ್ಲಿ ಒಂದು ಸೀಳು. ಹೊಲದ ನಡುವೆ ಒಂದೇ ಒಂದು ಜಾಗದಿಂದ ನೋಡಿದರೆ ಧ್ರುವ ಆ ಸೀಳಿನ ನೇರಕ್ಕೆ ಬಂದು ಕೂರುತ್ತದೆ. ಎರಡು ಹೆಜ್ಜೆ ಆಚೀಚೆ ಆದರೂ ತಪ್ಪುತ್ತದೆ. ಅದನ್ನು ಮೊದಲ ಸಲ ಕಂಡಾಗ ನನ್ನ ಮೈ ಜುಮ್ಮೆಂದಿತು. ಕ್ಯಾಮೆರಾವನ್ನು ಅಲ್ಲಿ ನಿಲ್ಲಿಸಿ, ಮೂವತ್ತು ಸೆಕೆಂಡಿನ ಫೋಟೋಗಳನ್ನು ಒಂದರ ಹಿಂದೊಂದು ಬಿಡುವಿಲ್ಲದೆ ನೂರಾರು ತೆಗೆದು, ಆಮೇಲೆ ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಿದರೆ, ಭೂಮಿ ತಿರುಗಿದ್ದು ಗೆರೆ ಗೆರೆಯಾಗಿ ಮೂಡುತ್ತದೆ. ಬಂಡೆಯ ಸೀಳಿನಿಂದಲೇ ಆಕಾಶವೆಲ್ಲ ತಿರುಗಿದ ಹಾಗೆ ಕಾಣಬೇಕು. ಆ ಒಂದು ಚಿತ್ರಕ್ಕಾಗಿ ನಾನು ಎರಡು ವರ್ಷದಿಂದ ಜೊಲ್ಲು ಸುರಿಸಿಕೊಂಡು ಓಡಾಡುತ್ತಿದ್ದೆ.

ಹೊಸೂರಿನ ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ ಬಿಡಿಭಾಗಗಳಲ್ಲಿ ಬಿರುಕು ಹುಡುಕುವ ಕೆಲಸ ನನ್ನದು, ಮನೆ ಅಲ್ಲೇ ಹತ್ತಿರದ ಆಲಸನತ್ತಂನಲ್ಲಿ. ಅಮಾವಾಸ್ಯೆಯ ಹಿಂದುಮುಂದಿನ ರಜೆ ಬಂತೆಂದರೆ ಸ್ಕೂಟರಿನ ಮುಂದೆ ಟ್ರೈಪಾಡು, ಬೆನ್ನಿಗೆ ಕ್ಯಾಮೆರಾ, ಉದ್ದನಪಲ್ಲಿ ದಾಟಿ ಅಕ್ಕನ ಊರಿಗೆ ಓಟ. ಪ್ರತಿ ಸಲವೂ ಒಂದಲ್ಲ ಒಂದು ವಿಘ್ನ. ಒಂದು ಸಲ ಮಸೂರದ ಮೇಲೆ ಇಬ್ಬನಿ ಕೂತು ಎಲ್ಲ ಫೋಟೋಗಳೂ ಗಂಜಿಯಲ್ಲಿ ಅದ್ದಿದಂತಾದವು. ಇನ್ನೊಂದು ಸಲ ಭಾವ ಡ್ಯೂಟಿ ಮುಗಿಸಿ ಬಂದವರು ಬೈಕಿನ ಹೆಡ್‌ಲೈಟನ್ನು ನೇರ ನನ್ನ ಮೇಲೆ ಬಿಟ್ಟು, 'ಏನಪ್ಪಾ ಬಾಮೈದ, ಚುಕ್ಕಿ ಎಣಿಸಿ ಆಯ್ತಾ?' ಎಂದು ಕೇಳಿದರು. ಭಾವ ಕಾರ್ಖಾನೆಗಳ ಶಿಫ್ಟಿನವರನ್ನು ಕರೆದೊಯ್ಯುವ ಬಸ್ಸಿನ ಡ್ರೈವರು. ಅವರಿಗೆ ರಾತ್ರಿ ಎಂದರೆ ರಸ್ತೆ ಕಾಣುವುದೋ ಇಲ್ಲವೋ, ಎರಡೇ.

ಈ ವರ್ಷ ಬಂದದ್ದು ಎಲ್ಲಕ್ಕಿಂತ ದೊಡ್ಡ ವಿಘ್ನ. ಅಕ್ಕ ಸೇವಂತಿಗೆ ಹಾಕಿದಳು.

ಗೊತ್ತಿಲ್ಲದವರಿಗೆ ಹೇಳಬೇಕು. ಸೇವಂತಿಗೆ ಗಿಡ ರಾತ್ರಿಯನ್ನು ಅಳೆಯುತ್ತದೆ. ರಾತ್ರಿ ಉದ್ದ ಎನಿಸಿದ ಕೂಡಲೆ ಬೆಳೆಯುವುದನ್ನು ಬಿಟ್ಟು ಮೊಗ್ಗಿಗೆ ತಿರುಗಿಕೊಳ್ಳುತ್ತದೆ. ಆಗ ಅದು ಗೇಣುದ್ದ ಇದ್ದರೆ ಗೇಣುದ್ದದಲ್ಲೇ ಹೂವು. ಅದಕ್ಕೇ ನಮ್ಮ ಕಡೆ ಬೆಳೆಗಾರರು ಹೊಲದ ಮೇಲೆಲ್ಲ ತಂತಿ ಎಳೆದು ಬಲ್ಬು ನೇತುಹಾಕುತ್ತಾರೆ. ರಾತ್ರಿ ಹೊತ್ತು ಗಂಟೆಗಟ್ಟಲೆ ಉರಿಸಿ ಗಿಡಕ್ಕೆ ಇನ್ನೂ ಕತ್ತಲಾಗಿಲ್ಲ ಎಂದು ಸುಳ್ಳು ಹೇಳುತ್ತಾರೆ. ಗಿಡ ಮೊಣಕಾಲು ದಾಟಿದ ಮೇಲೆ ಒಂದು ದಿನ ನೋಡಿ ಲೈಟು ನಿಲ್ಲಿಸುತ್ತಾರೆ. ಅಲ್ಲಿಂದ ಸುಮಾರು ಎರಡು ತಿಂಗಳಿಗೆ ಹೂವು. ಲೈಟು ನಿಲ್ಲಿಸುವ ದಿನವನ್ನು ಹಬ್ಬದಿಂದ ಹಿಂದಕ್ಕೆ ಎಣಿಸಿ ಇಡುತ್ತಾರೆ. ಅಕ್ಕ ಎಣಿಸಿದ್ದು ಆಯುಧಪೂಜೆಯಿಂದ. ಹೊಸೂರಿನಲ್ಲಿ ಆವತ್ತು ಹೂವಿನ ಹಾರವಿಲ್ಲದ ಒಂದು ಲೇತು ಯಂತ್ರ, ಒಂದು ಲಾರಿ ತೋರಿಸಿ ನೋಡೋಣ.

ಅದು ಅಕ್ಕನ ಮೊದಲ ಹೂವಿನ ಬೆಳೆ. ಅದುವರೆಗೆ ಟೊಮ್ಯಾಟೊ ಬೆಳೆಯುತ್ತಿದ್ದರು. ಭಾವನಿಗೆ ಬೇಸಾಯ ಸಾಕಾಗಿತ್ತು. ಗುಲಾಬಿ ಬೆಳೆಯುವ ಪಾಲಿಹೌಸಿನವರು ಆ ಹೊಲವನ್ನು ಗುತ್ತಿಗೆಗೆ ಕೇಳುತ್ತಿದ್ದರು, ಭಾವನಿಗೂ ಕೊಡುವ ಮನಸ್ಸಿತ್ತು. ಅಕ್ಕ ಜಗ್ಗಲಿಲ್ಲ. 'ಒಂದು ಬೆಳೆ ನನ್ ಕೈಗೆ ಬುಡು. ಆಗ್ಲಿಲ್ಲ ಅಂದ್ರೆ ನೀನ್ ಹೇಳ್ದಂಗೆ' ಎಂದಿದ್ದಳು. ಭಾವ ಒಪ್ಪಿದ್ದರು. ಆ ನೆಲ ಅಕ್ಕನ ಕೈಯಲ್ಲಿ ಉಳಿಯುವುದೂ ಬಿಡುವುದೂ ಈ ಸೇವಂತಿಗೆಯ ಮೇಲೆ ನಿಂತಿತ್ತು.

ನನ್ನ ಪಾಡು ಕೇಳುವವರಾರು? ಬಂಡೆಯ ಸೀಳಿನ ಮುಂದೆ ಈಗ ಸಾಲು ಸಾಲು ಬಲ್ಬು. ಅಕ್ಕನ ಹೊಲ ಒಂದೇ ಅಲ್ಲ, ಕಣಿವೆಯುದ್ದಕ್ಕೂ ಅಲ್ಲಲ್ಲಿ ಹಾಗೇ. ರಾತ್ರಿ ನೋಡಲು ಚೆಂದವೇ. ಒಂದೊಂದು ಹೊಲವೂ ಮದುವೆ ಚಪ್ಪರದ ಹಾಗೆ ಬೆಳಗುತ್ತದೆ. ಆದರೆ ಆಕಾಶ ಮಾತ್ರ ನೀರು ಬೆರೆತ ಹಾಲು. ಧ್ರುವ ಮೊದಲೇ ಮಂಕು ನಕ್ಷತ್ರ, ಆ ಹಾಲಿನಲ್ಲಿ ಅದು ಎಲ್ಲಿಂದ ಕಾಣಬೇಕು! 'ಒಂದು ರಾತ್ರಿ ಆಫ್ ಮಾಡಕ್ಕಾ' ಎಂದು ಕೇಳಿದ್ದಕ್ಕೆ ಅಕ್ಕ ಪೊರಕೆ ಎತ್ತಿದ್ದಳು.

ಭೀಮನ ಅಮಾವಾಸ್ಯೆಯ ಸಂಜೆ ಗಾಳಿ ಮಳೆ ಹೊಡೆಯಿತು. ಆಲಸನತ್ತಂನಲ್ಲಿ ಒಂದು ಗಂಟೆ ಕರೆಂಟು ಹೋಗಿ ಬಂತು. ಬೆಳಿಗ್ಗೆ ಭಾವನ ಫೋನು: 'ಕಂಬಗಳು ಮುರ್ಕೊಂಡು ಬಿದ್ದವೆ. ಕಣಿವೆ ಪೂರಾ ಕತ್ಲೆ ಕಣಪ್ಪ.' ಅವರು ಹೇಳಿದ್ದು ಸಂಕಟದಿಂದ. ನನ್ನ ಕಿವಿಗೆ ಬಿದ್ದದ್ದು ಕತ್ತಲೆಯ ಮಾತು ಮಾತ್ರ. ಅಮಾವಾಸ್ಯೆ, ಮಳೆ ತೊಳೆದ ಆಕಾಶ, ಕಣಿವೆಗೆಲ್ಲ ಕರೆಂಟಿಲ್ಲ! ಶನಿವಾರ ಮಧ್ಯಾಹ್ನ ಶಿಫ್ಟು ಮುಗಿದದ್ದೇ ಬ್ಯಾಗು ಹೆಗಲಿಗೇರಿಸಿ ಹೊರಟೆ.

ಹೊಲಕ್ಕೆ ಹೋದರೆ ಅಕ್ಕ ಪಂಪಿನ ಶೆಡ್ಡಿನ ಮುಂದೆ ಕೂತಿದ್ದಳು. ಬೆನ್ನ ಮೇಲಿನ ಬ್ಯಾಗನ್ನು ನೋಡಿದಳು.

'ಬಂದ್ಯಾ? ನಂಗೊತ್ತು ಕಣ್ಲಾ, ಕತ್ಲೆ ಅಂದ್ರೆ ನಿಂಗೆ ಹೋಳಿಗೆ ಊಟ. ತಕ್ಕೋ, ಬೇಕಾದಷ್ಟು ತಕ್ಕೋ' ಎಂದಳು. ನಗಲು ಹೋಗಿ ಮುಖ ಆಚೆ ತಿರುಗಿಸಿದಳು.

ಗಿಡಗಳು ಇನ್ನೂ ಮೊಣಕಾಲಿಗೆ ಬಂದಿರಲಿಲ್ಲ. ಇನ್ನೂ ಹತ್ತು ಹನ್ನೆರಡು ದಿನ ಲೈಟು ಬೇಕಿತ್ತು. ಬಾಡಿಗೆ ಜನರೇಟರುಗಳನ್ನೆಲ್ಲ ದೊಡ್ಡ ಬೆಳೆಗಾರರು ಬೆಳಗಾಗುವ ಮೊದಲೇ ಹೊತ್ತುಕೊಂಡು ಹೋಗಿದ್ದರು. ಕಂಬ ನೋಡಲು ಬಂದ ಲೈನ್‌ಮ್ಯಾನ್ ತಮಿಳಿನಲ್ಲಿ, 'ಮೂಣು ನಾಳ್ ಆಗುಂ ಮಾ' ಎಂದು ಹೇಳಿ, ಬೆವರಿನಲ್ಲಿ ನೆನೆದ ತಲೆ ಒರೆಸಿಕೊಂಡು ಮುಂದಿನ ಕಂಬಕ್ಕೆ ಹೋಗಿದ್ದ. ಮೂರು ದಿನ.

ಅಕ್ಕ ಸಸಿ ಕೊಟ್ಟ ನರ್ಸರಿಯವರಿಗೆ ಫೋನು ಹಚ್ಚಿ ಸ್ಪೀಕರ್ ಮಾಡಿದಳು. ಅವರು ತೆಲುಗು ಬೆರೆತ ಕನ್ನಡದಲ್ಲಿ ಮೆಲ್ಲಗೆ ಮಾತಾಡುವ ಮನುಷ್ಯ. 'ನೋಡಮ್ಮಾ, ಒಂದು ರಾತ್ರಿ ಕತ್ತಲೆ ಆದ್ರೆ ಪರವಾಲೇದು. ಮೂರು ನಾಲ್ಕು ಆಯ್ತು ಅಂದ್ರೆ ಗಿಡ ಮನಸ್ಸು ಬದಲಾಯಿಸ್ಬುಡ್ತದೆ. ಆಮೇಲೆ ನೀವು ಎಷ್ಟು ಲೈಟು ಹಾಕಿದ್ರೂ ಅದು ಕೇಳಲ್ಲ.'

ಮನಸ್ಸು ಬದಲಾಯಿಸುತ್ತದಂತೆ! ಆ ಮಾತು ಕೇಳಿ ನಾನು ಮೊದಲ ಸಲ ಆ ಗಿಡಗಳ ಕಡೆ ಸರಿಯಾಗಿ ನೋಡಿದೆ. ಸುಮ್ಮನೆ ನಿಂತಿವೆ ಎಂದುಕೊಂಡಿದ್ದ ಸಾವಿರಾರು ಗಿಡಗಳು ನಿನ್ನೆ ರಾತ್ರಿ ಕತ್ತಲನ್ನು ಕಂಡಿವೆ, ಲೆಕ್ಕ ಇಟ್ಟುಕೊಂಡಿವೆ. ನನಗೆ ಒಂದು ಥರ ಭಯವೇ ಆಯಿತು.

'ರಾತ್ರಿಯೆಲ್ಲ ಉರಿಯಲೇಬೇಕಾ? ನಡುನಡುವೆ ಹಾಕಿದರೆ ಸಾಲದಾ?' ಎಂದು ಕೇಳಿದೆ. ನಾನು ಕೇಳಿದ್ದು ಬ್ಯಾಟರಿಯ ಯೋಚನೆಯಿಂದ. ನರ್ಸರಿಯವರು ಹೇಳಿದರು, 'ಹಂಗೂ ಮಾಡೋರಿದಾರೆ. ನಡುರಾತ್ರಿ ಹೊತ್ನಲ್ಲಿ ಹತ್ತು ನಿಮಿಷ ಹಾಕಿ ಇಪ್ಪತ್ತು ನಿಮಿಷ ಆರಿಸಿ, ಮತ್ತೆ ಹತ್ತು ನಿಮಿಷ. ಗಿಡಕ್ಕೆ ಉದ್ದ ರಾತ್ರಿ ಸಿಕ್ಕಬಾರ್ದು, ಅಷ್ಟೇ. ಆದ್ರೆ ನಾನು ಮಾಡಿ ನೋಡಿಲ್ಲಪ್ಪಾ. ಗ್ಯಾರಂಟಿ ಕೇಳಬೇಡಿ.'

ಅಕ್ಕ ಫೋನು ಇಟ್ಟು ನನ್ನ ಮುಖ ನೋಡಿದಳು. ನಾನು ಮನೆಯ ಇನ್ವರ್ಟರನ್ನು ನೆನೆಸಿಕೊಂಡೆ.

ಭಾವನ ಗೆಳೆಯರ ಸಣ್ಣ ಗೂಡ್ಸ್ ಗಾಡಿ ಹತ್ತಿ ಆಲಸನತ್ತಂಗೆ ವಾಪಸು. ಮನೆ ಹೊಕ್ಕವನೇ ಇನ್ವರ್ಟರಿನ ವೈರು ಬಿಚ್ಚತೊಡಗಿದೆ. ಹೆಂಡತಿ ಅಡುಗೆಮನೆಯಿಂದ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

'ನಿನ್ನೆ ತಾನೆ ಕಾಲು ತೊಳ್ದು ಪೂಜೆ ಮಾಡಿದೀನಿ. ಇವತ್ತು ಮನೆ ಬ್ಯಾಟರಿ ಹೊತ್ಕೊಂಡು ಹೋಗ್ತಾ ಇದೀರ. ನಿಮ್ಮ ಚುಕ್ಕಿ ಹುಚ್ಚಿಗೆ ಕೊನೆ ಇಲ್ವಾ?'

'ಚುಕ್ಕಿಗಲ್ಲ ಕಣೇ, ಅಕ್ಕನ ಗಿಡಕ್ಕೆ' ಎಂದು ವಿಷಯ ಹೇಳಿದೆ. ಅವಳ ಮುಖ ಬದಲಾಯಿತು. ಬ್ಯಾಟರಿಯ ಇನ್ನೊಂದು ಕಿವಿ ಅವಳೇ ಹಿಡಿದು ಮೆಟ್ಟಿಲು ಇಳಿಸಿದಳು. ಅಬ್ಬಾ, ಏನು ಭಾರ ಅದು! ಗಾಡಿ ಹೊರಡುವಾಗ ಕೂಗಿದಳು, 'ಆಸಿಡ್ ಚೆಲ್ಲಿದ್ರೆ ಪ್ಯಾಂಟು ನೀವೇ ಒಗೀರಿ!'

ಮತ್ತೆ ಹೊಲ ಮುಟ್ಟುವಷ್ಟರಲ್ಲಿ ಪೂರ್ತಿ ಕತ್ತಲಾಗಿತ್ತು. ಮೊದಲು ಮೇನ್ ಬೀಳಿಸಿ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡೆ. ನಮ್ಮ ಬ್ಯಾಟರಿಯ ಕರೆಂಟು ಹಿಂದಕ್ಕೆ ಹರಿದು ಕಂಬ ಹತ್ತಿದವನಿಗೆ ಹೊಡೆಯಬಾರದಲ್ಲ. ಆಮೇಲೆ ಬಲ್ಬಿನ ಲೈನನ್ನು ಇನ್ವರ್ಟರಿಗೆ ಕೊಟ್ಟು ಸ್ವಿಚ್ ಒತ್ತಿದೆ. ಹೊಲವೆಲ್ಲ ಝಗ್ಗೆಂದಿತು. ಅಕ್ಕ 'ಬಂತು ಬಂತು' ಎಂದು ಚಪ್ಪಾಳೆ ತಟ್ಟಿದಳು. ಇನ್ವರ್ಟರು ಒಮ್ಮೆ ಕುಂಯ್ ಎಂದು ಕೂಗಿ ಸತ್ತುಹೋಯಿತು.

ಒಮ್ಮೆಲೆ ಅಷ್ಟು ಬಲ್ಬು ಎಳೆಯುವ ತಾಕತ್ತು ಅದಕ್ಕಿರಲಿಲ್ಲ. ಎರಡು ಸಲ ನೋಡಿದೆ, ಎರಡು ಸಲವೂ ಕೂಗಿ ಸತ್ತಿತು. ಕೊನೆಗೆ ಒಂದು ಬಿಟ್ಟು ಒಂದು ಬಲ್ಬು ಕಳಚುವುದೆಂದು ತೀರ್ಮಾನಿಸಿದೆವು. ಕೆಸರಿನಲ್ಲಿ ಕಾಲು ಹೂಳಿಕೊಂಡು, ಮೊಬೈಲು ಬಾಯಲ್ಲಿ ಕಚ್ಚಿ, ಅಕ್ಕ ಒಂದು ಸಾಲು ನಾನೊಂದು ಸಾಲು. ಅಕ್ಕ ಕಳಚಿದ ಬಲ್ಬುಗಳನ್ನು ಸೆರಗಿನಲ್ಲಿ ತುಂಬಿಕೊಂಡು ಬಂದಳು. ಮತ್ತೆ ಸ್ವಿಚ್. ಬೆಳಕು ತೆಳ್ಳಗಿತ್ತು, ಆದರೆ ನಿಂತಿತು. ಇಬ್ಬರೂ ಉಸಿರು ಬಿಗಿಹಿಡಿದು ಆ ಡಬ್ಬವನ್ನೇ ನೋಡುತ್ತ ಕೂತೆವು. ಹತ್ತು ನಿಮಿಷಕ್ಕೆ ಮೊಬೈಲು ಬಡಿದುಕೊಂಡಿತು. ಆರಿಸಿದೆ.

ಮೊದಲಿಗೆ ಏನೂ ಕಾಣಲಿಲ್ಲ. ಬೆಳಕು ಕುಡಿದ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಹೊತ್ತು ಬೇಕು. ಆಮೇಲೆ ಒಂದೊಂದಾಗಿ ಬಂದವು. ಆಮೇಲೆ ಒಂದೊಂದಾಗಿ ಅಲ್ಲ, ಎಲ್ಲ ಒಟ್ಟಿಗೆ ಬಂದವು.

ನಾನು ಆಕಾಶ ನೋಡುವವನು, ಆ್ಯಪು ಇಟ್ಟುಕೊಂಡು ಹೆಸರು ಹೇಳುವವನು. ಆವತ್ತು ಯಾವ ಹೆಸರೂ ಬಾಯಿಗೆ ಬರಲಿಲ್ಲ. ತೆಂಕಣದಿಂದ ಎದ್ದ ಆಕಾಶಗಂಗೆ ನಮ್ಮ ತಲೆ ಮೇಲೆ ಹಾದು ಬಂಡೆಯ ಹಿಂದೆ ಇಳಿದಿತ್ತು. ಅದರೊಳಗೆ ಕಪ್ಪು ಕಪ್ಪು ಕಾಲುವೆಗಳು. ಕಣಿವೆಯಲ್ಲಿ ಎಲ್ಲೂ ಒಂದು ದೀಪವಿಲ್ಲ, ರಾಯಕೋಟೆಯ ಕೋಟೆ ಬೆಟ್ಟ ನಕ್ಷತ್ರಗಳನ್ನು ಕತ್ತರಿಸಿದ ಕಡೆ ಮಾತ್ರ ಬೆಟ್ಟ ಇದೆ ಎಂದು ಗೊತ್ತಾಗುತ್ತಿತ್ತು. ಕಣ್ಣಲ್ಲಿ ನೀರು ಬಂತು. ಹುಟ್ಟಿದಾಗಿನಿಂದ ಈ ಆಕಾಶದ ಕೆಳಗೇ ಇದ್ದೇನೆ, ಇದನ್ನು ನೋಡಿಯೇ ಇರಲಿಲ್ಲವಲ್ಲ ಎನಿಸಿತು.

ಅಕ್ಕ ಕತ್ತೆತ್ತಿ ಈ ತುದಿಯಿಂದ ಆ ತುದಿಗೆ ನೋಡಿದಳು. ಆಮೇಲೆ, 'ಇಷ್ಟೊಂದು ಐತಾ ಮ್ಯಾಲೆ?' ಎಂದಳು. ತುಸು ಬಿಟ್ಟು, 'ತಗಿ ಕಣ್ಲಾ ನಿನ್ ಕ್ಯಾಮೆರಾನ. ಯಾಕ್ ಸುಮ್ನೆ ಕುಂತಿದ್ದೀಯ?'

'ಆಗಲ್ಲಕ್ಕಾ. ನಡುವೆ ಲೈಟು ಹಾಕಬೇಕು. ಹತ್ತು ನಿಮಿಷ ಬಿಟ್ಟುಹೋದರೆ ಗೆರೆ ಕಡಿದುಹೋಗುತ್ತೆ.'

ನಕ್ಷತ್ರ ಪಥ ತೆಗೆಯುವವರಿಗೆ ಅದು ದೊಡ್ಡ ಕಳಂಕ. ಎರಡು ಫೋಟೋಗಳ ನಡುವೆ ಒಂದು ಸೆಕೆಂಡಿಗಿಂತ ಹೆಚ್ಚು ಬಿಡುವು ಕೊಡಬಾರದು, ಕೊಟ್ಟರೆ ಬಳ್ಳಿಯಂಥ ಗೆರೆ ತುಂಡು ತುಂಡಾಗುತ್ತದೆ. ಅಕ್ಕ ಇದನ್ನೆಲ್ಲ ಕೇಳಿ, 'ಕಡ್ದೋದ್ರೆ ಕಡ್ದೋಗ್ಲಿ. ಇಲ್ದೇ ಇರೋದ್ಕಿಂತ ವಾಸಿ ಅಲ್ವೇನ್ಲಾ?' ಎಂದಳು.  ಆದರೂ ಆ ರಾತ್ರಿ ಕ್ಯಾಮೆರಾ ತೆಗೆಯಲು ಧೈರ್ಯವಾಗಲಿಲ್ಲ. ಬ್ಯಾಟರಿ ನಿಲ್ಲುತ್ತದೋ ಇಲ್ಲವೋ ಎಂಬ ಚಿಂತೆಯೇ ಆಗಿತ್ತು. ಕೊನೆಯ ಸರದಿ ಮುಗಿಯುವವರೆಗೂ ಅದು ನಿಂತಿತು.

ಹಗಲು ಬ್ಯಾಟರಿಯನ್ನು ರಾಯಕೋಟೆ ಪೇಟೆಗೆ ಒಯ್ದು, ಕರೆಂಟು ಬಂದಿದ್ದ ಒಂದು ಪಂಕ್ಚರ್ ಅಂಗಡಿಯಲ್ಲಿ ಚಾರ್ಜಿಗೆ ಇಟ್ಟೆವು. ಭಾನುವಾರ ಸಂಜೆ ನಾನು ಟ್ರೈಪಾಡು ಹೊತ್ತುಕೊಂಡು ನನ್ನ ಜಾಗಕ್ಕೆ ನಡೆದೆ. ಅಲ್ಲಿ ಇನ್ನೊಂದು ತೊಡಕು. ನಾವು ಉಳಿಸಿದ್ದ ಬಲ್ಬುಗಳಲ್ಲಿ ಒಂದು ಸರಿಯಾಗಿ ಬಂಡೆಯ ಸೀಳಿನ ಮುಂದೆ ನೇತಾಡುತ್ತಿತ್ತು. ಅದರ ಎರಡೂ ಪಕ್ಕದವನ್ನು ನಿನ್ನೆಯೇ ಕಳಚಿ ಆಗಿತ್ತು.

'ಅಕ್ಕಾ, ಇದೊಂದು ಬಲ್ಬು ತೆಗೀಲಾ? ಧ್ರುವನ ಮೂಗಿನ ಮೇಲೇ ಇದೆ.'

'ತಕ್ಕೋ. ಒಂದ್ ಬಲ್ಬಿಗೆ ಏನಾಯ್ತದೆ.'

ತಿರುಗಿಸಿ ತೆಗೆದೆ. ಹೋಲ್ಡರನ್ನು ಸುತಳಿಯಿಂದ ಪಕ್ಕಕ್ಕೆ ಎಳೆದು ಕಟ್ಟಿದೆ. ಒಂದು ಹೊಳೆಯುವ ನಕ್ಷತ್ರವನ್ನು ಕ್ಯಾಮೆರಾದ ಪರದೆಯಲ್ಲಿ ಹಿಗ್ಗಿಸಿ, ಅದು ಸೂಜಿಮೊನೆಯಷ್ಟಾಗುವ ತನಕ ಫೋಕಸ್ ತಿರುಗಿಸಿ, ರಿಂಗು ಅಲ್ಲಾಡದಂತೆ ಇನ್ಸುಲೇಷನ್ ಟೇಪು ಸುತ್ತಿದೆ. ಇಬ್ಬನಿಗೆ ಅಕ್ಕನೇ ಮದ್ದು ಮಾಡಿದಳು: ಮಂಡಿನೋವಿಗೆ ಶಾಖ ಕೊಡುವ ಹಾಗೆ ಕಲ್ಲುಪ್ಪು ಹುರಿದು, ಬಟ್ಟೆಯಲ್ಲಿ ಉದ್ದಕ್ಕೆ ಗಂಟು ಕಟ್ಟಿ, ಮಸೂರದ ಕೊರಳಿಗೆ ಸುತ್ತಿದಳು. 'ಪಾಪ, ಚಳಿ ಅದಕ್ಕೆ' ಎಂದು ನಕ್ಕಳು. ಸಾವಿರಾರು ರೂಪಾಯಿಯ ಹೀಟರ್ ಪಟ್ಟಿ ಮಾಡುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು.

ಹೀಗೆ ಶುರುವಾಯಿತು. ಇಪ್ಪತ್ತು ನಿಮಿಷ ಕತ್ತಲೆ, ಕ್ಯಾಮೆರಾ ಟಿಕ್ ಟಿಕ್ ಎನ್ನುತ್ತ ಕೆಲಸ ಮಾಡುವುದು. ಹತ್ತು ನಿಮಿಷ ಬೆಳಕು, ಗಿಡಗಳ ಸರದಿ; ಆಗಲೂ ಕ್ಯಾಮೆರಾ ನಿಲ್ಲಿಸುತ್ತಿರಲಿಲ್ಲ. ಕತ್ತಲಲ್ಲಿ ಅಕ್ಕ ಆಕಾಶ ನೋಡುತ್ತಿದ್ದಳು, ಬೆಳಕಲ್ಲಿ ಎದ್ದು ಸಾಲಿನ ನಡುವೆ ಹೋಗಿ ಗಿಡದ ಕುಡಿ ಮುಟ್ಟಿ ನೋಡಿ ಬರುತ್ತಿದ್ದಳು. 'ಮಲ್ಕಬ್ಯಾಡ್ರವ್ವಾ, ಇನ್ನೊಂದ್ ಸೊಲ್ಪ ದಿನ' ಎಂದು ಅವುಗಳಿಗೆ ಹೇಳುವುದು ಕೇಳಿಸಿತು. ಮೊದಲಾಗಿದ್ದರೆ ನಕ್ಕುಬಿಡುತ್ತಿದ್ದೆ.

ಸೋಮವಾರ, ಮಂಗಳವಾರ ರಜೆ ಹಾಕಿದೆ. ಮೂರನೆಯ ರಾತ್ರಿ ಆಕಾಶ ಇನ್ನೂ ತಿಳಿಯಾಗಿತ್ತು. ಗಾಳಿ ನಿಂತು ಧ್ರುವ ಒಂದಿಷ್ಟೂ ಮಿಣುಕುತ್ತಿರಲಿಲ್ಲ. ಮೂರು ದಿನದ ಆಯಾಸಕ್ಕೆ ಅಕ್ಕ ಶೆಡ್ಡಿನ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಲೈಟು ಹಾಕುವ ಹೊತ್ತಾಯಿತೆಂದು ಮೊಬೈಲು ನನ್ನ ಕೈಯಲ್ಲಿ ಬಡಿದುಕೊಂಡಿತು. ಆರಿಸಿದೆ. ಎದ್ದು ಸ್ವಿಚ್ ಹತ್ತಿರ ಹೋದೆ. ಕೈ ಮುಂದೆ ಹೋಗಲಿಲ್ಲ.

ಒಂದೇ ಒಂದು ಗಂಟೆ. ಈ ಆಕಾಶ ನನಗೆ ಇನ್ನೆಂದೂ ಸಿಕ್ಕುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ನಾಳೆ ಕಂಬ ನಿಲ್ಲುತ್ತದೆ, ಕಣಿವೆ ಮತ್ತೆ ಹಾಲಾಗುತ್ತದೆ. ಒಂದು ಗಂಟೆ ಈ ಲೈಟು ಹಾಕದಿದ್ದರೆ ಕಡಿಯದ ಗೆರೆಗಳು ಸಿಕ್ಕುತ್ತವೆ, ಎರಡು ವರ್ಷ ಕಂಡ ಕನಸು ಕೈಗೆ ಬರುತ್ತದೆ. ಅಕ್ಕನಿಗೆ ತಿಳಿಯುವುದಿಲ್ಲ. ಗಿಡಗಳಿಗೆ?

ಅದೇ ನನ್ನನ್ನು ಹಿಡಿದದ್ದು. ಗ್ಯಾರಂಟಿ ಇಲ್ಲ ಎಂದಿದ್ದರಲ್ಲ ನರ್ಸರಿಯವರು. ಯಾವ ಗಂಟೆ ಮುಖ್ಯ ಎಂದು ಅವರಿಗೂ ಗೊತ್ತಿಲ್ಲ. ಈ ಕತ್ತಲಲ್ಲಿ ನನ್ನ ಹಾಗೇ ಎಚ್ಚರವಾಗಿದ್ದು, ನನ್ನ ಕ್ಯಾಮೆರಾದ ಹಾಗೇ ಕಣ್ಣು ತೆರೆದು, ಸಾವಿರಾರು ಗಿಡಗಳು ರಾತ್ರಿಯ ಉದ್ದವನ್ನು ಅಳೆಯುತ್ತ ನಿಂತಿದ್ದವು. ನಾನೊಬ್ಬನೇ ನೋಡುತ್ತಿದ್ದೇನೆ ಎಂದುಕೊಂಡಿದ್ದೆ! ಸ್ವಿಚ್ ಒತ್ತಿದೆ. ಹೊಲ ಬೆಳಗಿತು, ಆಕಾಶ ಹೋಯಿತು. ಅಕ್ಕ ಕಣ್ಣುಜ್ಜಿಕೊಂಡು, 'ಟೈಮಾಯ್ತೇನ್ಲಾ?' ಎಂದಳು. 'ಹೂಂ, ಆಯ್ತು' ಎಂದೆ.

ಮಂಗಳವಾರ ಸಂಜೆ ಕಣಿವೆಯಲ್ಲಿ ಒಂದೊಂದೇ ಹೊಲ ಬೆಳಗುತ್ತ ಬಂತು. ನಮ್ಮದೂ ಬೆಳಗಿತು. ಅಕ್ಕ ಕಳಚಿಟ್ಟ ಬಲ್ಬುಗಳನ್ನೆಲ್ಲ ತಿರುಗಿ ಹಾಕಿಸಿದಳು. ಧ್ರುವನ ಮೂಗಿನ ಮೇಲಿನದನ್ನು ನಾನೇ ಹಾಕಿದೆ. ಬ್ಯಾಟರಿ ಆಲಸನತ್ತಂಗೆ ಮರಳಿತು; ಪ್ಯಾಂಟಿಗೆ ಎರಡು ತೂತು ಬಿದ್ದಿತ್ತು.

ಫೋಟೋಗಳನ್ನು ಕೂಡಿಸಿ ನೋಡಿದೆ. ಬಂಡೆಯ ಸೀಳಿನಲ್ಲಿ ಧ್ರುವ, ಸುತ್ತ ಅರೆಚಂದ್ರದಂಥ ಗೆರೆಗಳು, ಒಂದೊಂದು ಗೆರೆಯೂ ಒಂದೇ ಲೆಕ್ಕದಲ್ಲಿ ಕಡಿದು ಕಡಿದು. ನಮ್ಮ ಫೋಟೋ ಹವ್ಯಾಸಿಗಳ ವಾಟ್ಸಾಪ್ ಗುಂಪಿಗೆ ಹಾಕಿದರೆ, 'ಚೆನ್ನಾಗಿದೆ, ಆದರೆ ಗ್ಯಾಪು. ಸಾಫ್ಟ್‌ವೇರಿನಲ್ಲಿ ತುಂಬಿಬಿಡಿ' ಎಂದು ಉಪದೇಶಗಳು ಬಂದವು. ತುಂಬಲಿಲ್ಲ. ಬೆಳಕಿನ ಹೊತ್ತಿನ ಫೋಟೋಗಳನ್ನೂ ಸೇರಿಸಿ ಟೈಮ್‌ಲ್ಯಾಪ್ಸ್ ಮಾಡಿದೆ. ಹೆಂಡತಿ ಕೂಡ ಅದನ್ನು ಎರಡು ಸಲ ಹಾಕಿಸಿಕೊಂಡು ನೋಡಿದಳು: ನಕ್ಷತ್ರಗಳು ಜಾರುತ್ತವೆ, ಹೊಲ ಒಮ್ಮೆ ಬೆಳಗುತ್ತದೆ, ಮತ್ತೆ ಜಾರುತ್ತವೆ, ಮತ್ತೆ ಬೆಳಗುತ್ತದೆ. ಹೊಲವೇ ಉಸಿರಾಡುತ್ತಿದೆ ಎನಿಸುತ್ತಿತ್ತು.

ಆದರೆ ನಮ್ಮ ಆ ಮೂರು ರಾತ್ರಿ ಗಿಡಕ್ಕೆ ಸಾಕಾಯಿತೇ ಇಲ್ಲವೇ ಎಂದು ಯಾರಿಗೂ ಗೊತ್ತಿರಲಿಲ್ಲ. ಎಣಿಸಿದ ದಿನ ಅಕ್ಕ ಲೈಟು ನಿಲ್ಲಿಸಿದಳು. ಭಾವ ವಾರಕ್ಕೊಮ್ಮೆ ಹೊಲದ ಬದುವಿನ ಮೇಲೆ ನಿಂತು ನೋಡಿ ಹೋಗುತ್ತಿದ್ದರಂತೆ. ಪಾಲಿಹೌಸಿನವರು ಮತ್ತೊಮ್ಮೆ ಬಂದು ಹೋಗಿದ್ದರು. ಅಕ್ಕ ಫೋನಿನಲ್ಲಿ, 'ಕುಡಿ ಮುಟ್ಟೋಕೂ ದಿಗಿಲಾಯ್ತದೆ ಕಣ್ಲಾ. ಈಗ್ಲೇ ಮೊಗ್ಗು ಸಿಕ್ಬುಟ್ರೆ?' ಎನ್ನುತ್ತಿದ್ದಳು.

ಗಣೇಶನ ಹಬ್ಬ ಕಳೆದು ಎರಡು ವಾರಕ್ಕೆ ಬೆಳಿಗ್ಗೆಯೇ ಫೋನು. 'ಬಾರ್ಲಾ ಬೇಗ. ಹೂವಾಗ್ಬುಟ್ಟೈತೆ.'

 ಆಯುಧಪೂಜೆಗೆ ಇನ್ನೂ ಬಹಳ ದಿನ ಇತ್ತು. ಶಿಫ್ಟು ತಪ್ಪಿಸಿ ಓಡಿದೆ.

ಹೊಲ ಹಸಿರಾಗಿತ್ತು. ಸೊಂಟದವರೆಗೆ ಬೆಳೆದ ಗಿಡಗಳು, ತುದಿಯಲ್ಲಿ ಆಗಷ್ಟೇ ಸಾಸಿವೆಕಾಳಿನಂಥ ಮೊಗ್ಗು, ಹೇಗಿರಬೇಕೋ ಹಾಗೆ. ಆ ಹಸಿರಿನ ನಡುವೆ ಒಂದೇ ಒಂದು ಕಡೆ, ಒಂದು ಚಾಪೆ ಹಾಸುವಷ್ಟು ದುಂಡಗಿನ ಜಾಗದಲ್ಲಿ, ಗಿಡ್ಡ ಗಿಡಗಳ ಮೇಲೆ ಹಳದಿ ಹೂವು ಅರಳಿ ಕೂತಿದ್ದವು. ಹತ್ತಿರ ಹೋಗಿ ಬಗ್ಗಿ ನೋಡಿದೆ. ಕೆಸರು ಒಣಗಿದ ನೆಲದಲ್ಲಿ ಟ್ರೈಪಾಡಿನ ಮೂರು ಕಾಲಿನ ಕುಳಿ ಇನ್ನೂ ಇದ್ದವು.

ನಾನು ಆ ಬಲ್ಬು ಕಳಚಿದ್ದ ಜಾಗ ಅದು. ಪಕ್ಕದವೂ ಇರಲಿಲ್ಲ. ಮಳೆಯ ರಾತ್ರಿ, ಆಮೇಲೆ ಬಲ್ಬು ಕಳಚಿದ ಎರಡು ರಾತ್ರಿ, ಆ ಗಿಡಗಳ ಪಾಲಿಗೆ ಮಾತ್ರ ಮೂರೂ ಕತ್ತಲೆಯೇ.  ನಡುವೆ ಒಂದೇ ರಾತ್ರಿ ಸಿಕ್ಕ ಬೆಳಕು ಅವಕ್ಕೆ ಸಾಲಲಿಲ್ಲ. ಗಿಡಗಳು ತೀರ್ಮಾನ ಮಾಡಿಯಾಗಿತ್ತು. ಅವು ಮನಸ್ಸು ಬದಲಾಯಿಸಿದ್ದವು. ಅಲ್ಲಿಂದ ನಾಲ್ಕು ಹೆಜ್ಜೆ ಆಚೆ, ನಮ್ಮ ಬ್ಯಾಟರಿಯ ಮಂಕು ಬೆಳಕು ಬಿದ್ದ ಕಡೆಯೆಲ್ಲ, ಒಂದೇ ಒಂದು ಗಿಡವೂ ಬದಲಾಯಿಸಿರಲಿಲ್ಲ. ನಾವು ಮಾಡಿದ್ದು ಸಾಕಾಗಿತ್ತು ಎಂದು ಆ ಹಳದಿ ವೃತ್ತ ಹೇಳದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ನಾನು ಕೆಸರೋ ಧೂಳೋ ನೋಡದೆ ಅಲ್ಲೇ ಕೂತುಬಿಟ್ಟೆ.

ಅಕ್ಕ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಆ ಹೂವುಗಳ ಮೇಲೆ ಅಂಗೈ ಆಡಿಸಿದಳು. 'ಇವು ನಿನ್ ಜೊತೆ ಕುಂತ್ಕಂಡು ಚುಕ್ಕಿ ನೋಡ್ಬುಟ್ವು ಕಣ್ಲಾ' ಎಂದಳು. ಅವನ್ನು ಮಾರಲಿಲ್ಲ. ಒಂದು ಬುಟ್ಟಿಯಷ್ಟು ಕೊಯ್ದು ಊರ ಮನೆಮನೆಗೆ ಹಂಚಿದಳು.

ಆಯುಧಪೂಜೆಗೆ ಮೂರು ದಿನ ಮುಂಚೆ ಕೊಯ್ಲು. ನಸುಕಿಗೇ ಹೋಗಿ ಬಂಡೆ ಹತ್ತಿದೆ, ಹೊಲದ ಟೈಮ್‌ಲ್ಯಾಪ್ಸ್ ತೆಗೆಯಲು. ಬೆಳಕು ಬಿಟ್ಟ ಹಾಗೆ ಕೆಳಗೆ ಹೊಲವೆಲ್ಲ ಹಳದಿಯಾಗುತ್ತ ಬಂತು, ಅಂಚಿನಿಂದ ಅಂಚಿಗೆ, ಕಣ್ಣು ಕುಕ್ಕುವಷ್ಟು. ಆ ಹಳದಿಯ ನಡುವೆ, ಮೊದಲೇ ಹೂವು ಕೊಯ್ದಿದ್ದ ಜಾಗದಲ್ಲಿ, ಒಂದು ಸಣ್ಣ ಕಪ್ಪು ಚುಕ್ಕಿ. ಇಷ್ಟು ದಿನ ಕಪ್ಪಿನಲ್ಲಿ ಹಳದಿ ಚುಕ್ಕಿಗಳನ್ನು ಹುಡುಕಿಕೊಂಡು ಅಲೆದವನು ನಾನು. ಬೆರಳು ಬಟನ್ ಮೇಲೆ ಇತ್ತು, ಒತ್ತುವುದು ಮರೆತು ನಿಂತಿದ್ದೆ.

ಕೆಳಗೆ ಅಕ್ಕ ಆಳುಗಳ ಜೊತೆ ಕೊಯ್ಯುತ್ತಿದ್ದಳು. ಭಾವ ರಾತ್ರಿ ಡ್ಯೂಟಿ ಮುಗಿಸಿ ಖಾಕಿ ಅಂಗಿಯಲ್ಲೇ ಬಂದು ಬದುವಿನ ಮೇಲೆ ನಿಂತರು. ಹೊಲವನ್ನು ಆ ತುದಿಯಿಂದ ಈ ತುದಿಗೆ ನೋಡಿದರು. ಕಪ್ಪು ಚುಕ್ಕಿಯ ಹತ್ತಿರ ಕಣ್ಣು ನಿಂತಿತು. ತಲೆಯೆತ್ತಿ ಬಂಡೆಯ ಮೇಲಿದ್ದ ನನ್ನನ್ನು ಕಂಡು ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು.

'ಏನಪ್ಪಾ ಬಾಮೈದ! ಮುಂದಿನ್ ಬೆಳೇಗೂ ಬಲ್ಬು ಕಿತ್ತೀಯ, ಜೋಕೆ!'

ಭಾವನ ಬಾಯಲ್ಲಿ 'ಮುಂದಿನ ಬೆಳೆ' ಎಂಬ ಮಾತು ಕೇಳಿ ಅಕ್ಕನ ಕೈ ಹೂವಿನ ಮೇಲೆ ಹಾಗೇ ನಿಂತಿತು. ಅವಳು ತಿರುಗಿ ಭಾವನನ್ನು ನೋಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು, ಮತ್ತೆ ಬಗ್ಗಿ ಕೊಯ್ಯತೊಡಗಿದಳು.